ಹರಾಜುಕುವಿನ ಹಗಲು, ಶಿಂಜುಕುವಿನ ರಾತ್ರಿ: ಟೋಕಿಯೊದ ಬೀದಿ ಫ್ಯಾಷನ್ ಎಲ್ಲಿಗೆ ಹೋಯಿತು?

ಹರಾಜುಕು ಎಂದ ಕೂಡಲೇ ಕಣ್ಣ ಮುಂದೆ ಬರುವ ಚಿತ್ರ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ. ತಲೆತುಂಬ ಬಣ್ಣದ ಕ್ಲಿಪ್ಪು, ಲೇಸಿನ ಫ್ರಾಕು, ಪಟ್ಟೆಪಟ್ಟೆ ಸಾಕ್ಸು ತೊಟ್ಟ ಹುಡುಗ ಹುಡುಗಿಯರು ರಸ್ತೆ ನಡುವೆ ನಿಂತಿರುತ್ತಾರೆ. ಆ ಚಿತ್ರವನ್ನು ನಂಬಿಕೊಂಡು ಹೋದವರು ತಾಕೆಶಿತಾ ಬೀದಿಯ ಸುಮಾರು 350 ಮೀಟರನ್ನು ನೂಕುನುಗ್ಗಲಿನಲ್ಲಿ ದಾಟಿ, ಒಂದು ಕ್ರೇಪ್ ತಿಂದು, ‘ಅಂಥವರು ಒಬ್ಬರೂ ಕಾಣಲಿಲ್ಲವಲ್ಲ’ ಎಂದು ವಾಪಸಾಗುತ್ತಾರೆ. ಆ ಉಡುಗೆಗಳು ಇಂದಿಗೂ ಹೊಲಿಯಲ್ಪಡುತ್ತಿವೆ, ಮಾರಾಟವಾಗುತ್ತಿವೆ, ತೊಡಲ್ಪಡುತ್ತಿವೆ. ಆದರೆ ಬೀದಿಯಲ್ಲಿ ಕಾಣುವುದು ಅಪರೂಪ. ಅವನ್ನು ಬೀದಿಗೆ ತಂದದ್ದು ಒಂದು ಸಂಚಾರ ನಿಯಮ. ರಾತ್ರಿಯ ಕೂಟಗಳಿಗೆ ಈಗಿನ ಆಕಾರ ಕೊಟ್ಟದ್ದು ಒಂದು ಪರವಾನಗಿ ಕಾನೂನು ಮತ್ತು ರೈಲಿನ ವೇಳಾಪಟ್ಟಿ. ಈ ಮೂರನ್ನು ಹಿಡಿದುಕೊಂಡರೆ ಎಲ್ಲಿಗೆ, ಎಷ್ಟು ಹೊತ್ತಿಗೆ, ಏನು ತೊಟ್ಟು ಹೋಗಬೇಕು ಎನ್ನುವುದು ತಾನಾಗಿಯೇ ತಿಳಿಯುತ್ತದೆ.

ಸಂಚಾರ ನಿಯಮದಿಂದ ಶುರುಮಾಡೋಣ. 1977ರಲ್ಲಿ ಯೊಯೊಗಿ ಪಾರ್ಕಿನ ಪಕ್ಕದ ರಸ್ತೆಯನ್ನು ಭಾನುವಾರ ವಾಹನಗಳಿಗೆ ಮುಚ್ಚಿ ಪಾದಚಾರಿಗಳಿಗೆ ಬಿಟ್ಟರು. ಇದನ್ನು ಹೊಕೊತೆನ್ ಎನ್ನುತ್ತಾರೆ. ಖಾಲಿ ರಸ್ತೆ ಸಿಕ್ಕಿದ್ದೇ ತಡ, ಹದಿಹರೆಯದವರು ಕ್ಯಾಸೆಟ್ ಪ್ಲೇಯರ್ ಇಟ್ಟುಕೊಂಡು ಗುಂಪುಗುಂಪಾಗಿ ಕುಣಿಯತೊಡಗಿದರು. ಅವರಲ್ಲಿ ಹೆಚ್ಚು ಹೆಸರಾದದ್ದು ತಾಕೆನೊಕೊ ಗುಂಪು. ತಾಕೆಶಿತಾ ಬೀದಿಯ ತಾಕೆನೊಕೊ ಎಂಬ ಅಂಗಡಿಯ ಸಡಿಲ, ಹೊಳೆಹೊಳೆಯುವ ಬಟ್ಟೆ ತೊಡುತ್ತಿದ್ದರಿಂದ ಆ ಹೆಸರು. 1978ರಲ್ಲಿ ಲಾಫೊರೆ ಹರಾಜುಕು ಕಟ್ಟಡ ಬಾಗಿಲು ತೆರೆಯಿತು, ಸಣ್ಣ ವಿನ್ಯಾಸಕಾರರಿಗೆ ಅಲ್ಲಿ ಜಾಗ ಸಿಕ್ಕಿತು. ಅಂಗಡಿ ಇಲ್ಲಿ, ಅದನ್ನು ತೊಟ್ಟು ಮೆರೆಯುವ ರಸ್ತೆ ಐದು ನಿಮಿಷದ ದೂರದಲ್ಲಿ. ಈ ಜೋಡಿ ಇಪ್ಪತ್ತು ವರ್ಷ ನಡೆಯಿತು. 1998ರಲ್ಲಿ ಹೊಕೊತೆನ್ ರದ್ದಾಯಿತು. ಆಮೇಲೂ ಕೆಲವು ವರ್ಷ ನಿಲ್ದಾಣದ ಪಕ್ಕದ ಜಿಂಗು ಸೇತುವೆಯ ಮೇಲೆ ಭಾನುವಾರಗಳಂದು ವಿಷುವಲ್ ಕೇ ಎಂಬ, ಗಾಢ ಮೇಕಪ್ಪು ವೇಷಗಳ ಜಪಾನಿ ರಾಕ್ ಬ್ಯಾಂಡುಗಳ ಅಭಿಮಾನಿಗಳು, ಲೇಸು ನೆರಿಗೆಗಳ ಬೊಂಬೆಯಂಥ ಲೋಲಿಟಾ ಉಡುಗೆಯನ್ನು ಕಪ್ಪು ಬಣ್ಣದಲ್ಲಿ ತೊಡುವ ಗಾಥಿಕ್ ಲೋಲಿಟಾಗಳು ಸೇರುತ್ತಿದ್ದರು. ಕ್ಯಾಮೆರಾ ಹಿಡಿದ ಪ್ರವಾಸಿಗಳು ಅವರಿಗಿಂತ ಹೆಚ್ಚಾದಂತೆ ಆ ಕೂಟವೂ ಕರಗಿತು.

ಈ ಬೀದಿಯನ್ನು ಚಿತ್ರಿಸುತ್ತಿದ್ದ ಪತ್ರಿಕೆಗಳಿಗೂ ಅದೇ ಗತಿಯಾಯಿತು. ಛಾಯಾಗ್ರಾಹಕ ಶೋಯಿಚಿ ಆವೊಕಿ 1997ರಲ್ಲಿ ಶುರುಮಾಡಿದ ‘ಫ್ರೂಟ್ಸ್’ 2017ರಲ್ಲಿ ನಿಂತಿತು. ತೆಗೆಯಲು ಯೋಗ್ಯ ಉಡುಗೆಯವರೇ ಬೀದಿಯಲ್ಲಿ ಸಿಗುತ್ತಿಲ್ಲ ಎಂಬುದು ಅವರು ಕೊಟ್ಟ ಕಾರಣ. ‘ಕೇರಾ’ದ ಮುದ್ರಣವೂ 2017ರಲ್ಲೇ ನಿಂತಿತು. ಇದರ ಹೊಣೆಯನ್ನು ಪೂರ್ತಿ ಫಾಸ್ಟ್ ಫ್ಯಾಷನ್ ಮೇಲೆ ಹೊರಿಸುವವರಿದ್ದಾರೆ. 2008ರಲ್ಲಿ ಎಚ್ ಅಂಡ್ ಎಂ, 2009ರಲ್ಲಿ ಫಾರೆವರ್ 21 ಹರಾಜುಕುವಿಗೆ ಬಂದದ್ದೂ ನಿಜ. ಆದರೆ ನಿಲ್ಲುವ ಜಾಗ ಅದಕ್ಕೂ ಹತ್ತು ವರ್ಷ ಮೊದಲೇ ಹೋಗಿತ್ತು ಎನ್ನುವುದನ್ನು ಅವರು ಮರೆಯುತ್ತಾರೆ.

ಹಾಗಾದರೆ ಈಗ ನೋಡಬೇಕಾದದ್ದು ಎಲ್ಲಿ? ತಲೆಯೆತ್ತಿ ಮೇಲಿನ ಮಹಡಿಗಳನ್ನೂ, ತಲೆತಗ್ಗಿಸಿ ನೆಲಮಾಳಿಗೆಗಳನ್ನೂ ನೋಡಬೇಕು. ಬೀದಿಮಟ್ಟದ ಬಾಡಿಗೆಯನ್ನು ದೊಡ್ಡ ಕಂಪನಿಗಳಷ್ಟೇ ಕಟ್ಟಬಲ್ಲವು. ಲಾಫೊರೆ ಒಳಗೆ ಮಹಡಿಗಳು ಅರ್ಧರ್ಧ ಏರುತ್ತವೆ, ಲೆಕ್ಕ 1, 1.5, 2, 2.5 ಎಂದು ಸಾಗುತ್ತದೆ. ವಿಳಾಸದಲ್ಲಿ ಚುಕ್ಕಿ ಐದು ಕಂಡರೆ ಅಚ್ಚಿನ ತಪ್ಪು ಎಂದುಕೊಳ್ಳಬೇಡಿ. ಶಿಂಜುಕುವಿನಲ್ಲಿ ಮಾರುಯಿ ಆನೆಕ್ಸ್ ಕಟ್ಟಡ ಲೋಲಿಟಾ ಬ್ರ್ಯಾಂಡುಗಳು ಒಂದೆಡೆ ಸೇರಿದ ಜಾಗ. ಶಿಬುಯಾದ 109 ಕಟ್ಟಡ 1979ರದ್ದು, ಬಣ್ಣದ ಕೂದಲು, ಢಾಳಾದ ಮೇಕಪ್ಪಿನ ಗ್ಯಾರು ಶೈಲಿಯ ತವರು. ಹಳೆ ಬಟ್ಟೆಗೆ ಕೊಯೆಂಜಿಗೆ ಹೋಗಬೇಕು. ಇಲ್ಲೊಂದು ಪೇಚಿದೆ: ಶನಿವಾರ, ಭಾನುವಾರ ಮತ್ತು ರಜಾದಿನಗಳಲ್ಲಿ ಚುವೊ ಮಾರ್ಗದ ಕಿತ್ತಳೆ ಪಟ್ಟಿಯ ರ‍್ಯಾಪಿಡ್ ರೈಲು ಕೊಯೆಂಜಿಯಲ್ಲಿ ನಿಲ್ಲುವುದಿಲ್ಲ. ಶಿಂಜುಕುವಿನಿಂದ ಹಳದಿ ಪಟ್ಟಿಯ ಚುವೊ-ಸೋಬು ಲೋಕಲ್ ಹಿಡಿಯಬೇಕು. ಬೆಳಗ್ಗೆ ಬೇಗ ಹೋಗಿ ಪ್ರಯೋಜನವೂ ಇಲ್ಲ. ಹರಾಜುಕುವಿನ ಅಂಗಡಿಗಳು ಸಾಮಾನ್ಯವಾಗಿ 11ಕ್ಕೆ ತೆರೆದು ರಾತ್ರಿ 8ಕ್ಕೆ ಮುಚ್ಚುತ್ತವೆ. ಕೊಯೆಂಜಿಯ ಎಷ್ಟೋ ಅಂಗಡಿಗಳ ಶಟರ್ ಏಳುವುದೇ ಮಧ್ಯಾಹ್ನದ ನಂತರ. ಅಂಗಡಿಗಳು ಜಾಗ ಬದಲಿಸುತ್ತಲೇ ಇರುತ್ತವೆ, ಹಾಗಾಗಿ ಹೊರಡುವ ವಾರದಲ್ಲಿ ಬ್ರ್ಯಾಂಡಿನ ಸ್ವಂತ ಪುಟದಲ್ಲಿ ವಿಳಾಸ ನೋಡಿಕೊಳ್ಳಿ. ಹಳೆಯ ಪ್ರವಾಸಿ ಲೇಖನಗಳನ್ನು ನಂಬಿ ಹೋದವರು ಮೊಬೈಲ್ ಕವರ್ ಮಾರುವ ಅಂಗಡಿಯ ಮುಂದೆ ನಿಲ್ಲುತ್ತಾರೆ.

ಶೈಲಿಗಳ ಪಟ್ಟಿಯನ್ನೆಲ್ಲ ಒಪ್ಪಿಸುವ ಬದಲು ಲೋಲಿಟಾ ಉಡುಗೆ ಒಂದನ್ನೇ ಬಿಚ್ಚಿ ನೋಡೋಣ. ಅದರಲ್ಲಿ ಹೊಲಿಗೆಯ ಲೆಕ್ಕಾಚಾರ ಹೆಚ್ಚು, ದುಡ್ಡು ಹಾಳಾಗುವ ದಾರಿಗಳೂ ಹೆಚ್ಚು. ‘ಬೇಬಿ, ದಿ ಸ್ಟಾರ್ಸ್ ಶೈನ್ ಬ್ರೈಟ್’ 1988ರದ್ದು. ಒಸಾಕಾದ ‘ಮೆಟಾಮೊರ್ಫೋಸ್’ 1993ರದ್ದು. ಮಾಲಿಸ್ ಮಿಝೆರ್ ಬ್ಯಾಂಡಿನ ಮಾನಾ ಕಪ್ಪು-ನೀಲಿಯ ಗಾಥಿಕ್ ಉಡುಗೆಗಳಿಗಾಗಿ ‘ಮ್ವಾ ಮೆಮ್ ಮ್ವಾತಿಯೆ’ ಕಟ್ಟಿದ್ದು 1999ರಲ್ಲಿ. ಸಿಹಿಬಣ್ಣದ ಮುದ್ರಣಗಳಿಗೆ ‘ಆ್ಯಂಜೆಲಿಕ್ ಪ್ರೆಟಿ’ ಹೆಸರುವಾಸಿ. ಉಡುಗೆಯ ಎರಡು ಮುಖ್ಯ ಆಕಾರಗಳಲ್ಲಿ ಒಂದು ತೋಳಿರುವ ‘ಒನ್‌ಪೀಸ್’. ಇನ್ನೊಂದು ತೋಳಿಲ್ಲದ ‘ಜಂಪರ್ ಸ್ಕರ್ಟ್’, ಇದರೊಳಗೆ ಬ್ಲೌಸ್ ಬೇಕೇ ಬೇಕು. ಹೊಸದಕ್ಕೆ ದೊಡ್ಡ ಬ್ರ್ಯಾಂಡಿನಲ್ಲಿ 30,000 ಯೆನ್ ದಾಟುವುದು ಮಾಮೂಲು.

ಸ್ಕರ್ಟಿನ ಅಂಚಿನುದ್ದಕ್ಕೂ ಕೋಟೆ, ಕುದುರೆ, ಕೇಕುಗಳು ಸಾಲಾಗಿ ಓಡುತ್ತವಲ್ಲ, ಅದು ಬಟ್ಟೆಯ ಒಂದೇ ಅಂಚಿಗೆ ಮುದ್ರಿಸಿದ ಬಾರ್ಡರ್. ಅಂಚು ನೇರವಾಗಿದ್ದರೆ ಮಾತ್ರ ಚಿತ್ರ ನೆಟ್ಟಗೆ ನಿಲ್ಲುತ್ತದೆ. ಆದ್ದರಿಂದ ಸ್ಕರ್ಟನ್ನು ದುಂಡಗೆ ಕತ್ತರಿಸುವಂತಿಲ್ಲ, ಉದ್ದನೆಯ ಆಯತವನ್ನು ಸೊಂಟದಲ್ಲಿ ನೆರಿಗೆ ಹಿಡಿದು ಹೊಲಿಯುತ್ತಾರೆ. ಹಾಗೆ ಹೊಲಿದ ಸ್ಕರ್ಟು ಒಳಗಿನ ಆಸರೆ ಇಲ್ಲದಿದ್ದರೆ ಜೋತುಬೀಳುತ್ತದೆ, ಕುದುರೆಗಳೆಲ್ಲ ಮಡಿಕೆಯೊಳಗೆ ಸೇರಿಕೊಳ್ಳುತ್ತವೆ. ಆ ಆಸರೆಯೇ ಪನಿಯೆ. ನಮ್ಮಲ್ಲಿ ಲೆಹೆಂಗಾದೊಳಗೆ ಹಾಕುವ ಕ್ಯಾನ್‌ಕ್ಯಾನ್ ಇದರ ಸೋದರಿ. ಆದರೆ ಕ್ಯಾನ್‌ಕ್ಯಾನ್ ಪಾದದವರೆಗೆ ಇಳಿಯುವಂಥದ್ದು, ಅದನ್ನು ಕತ್ತರಿಸಿ ಬಳಸಲು ಹೋದರೆ ಹಿಗ್ಗು ಬೇಡದ ಕಡೆ ಬರುತ್ತದೆ. ಲೋಲಿಟಾ ಸ್ಕರ್ಟು 55ರಿಂದ 60 ಸೆಂಟಿಮೀಟರ್ ಆಸುಪಾಸಿನದು. ಪನಿಯೆ ಅದಕ್ಕಿಂತ ಮೂರ್ನಾಲ್ಕು ಸೆಂಟಿಮೀಟರ್ ಗಿಡ್ಡ ಇರಬೇಕು, ಇಲ್ಲವಾದರೆ ಕೂತಾಗ ಇಣುಕುತ್ತದೆ. ಬಲೆಯಂಥ ಗಟ್ಟಿ ಟ್ಯೂಲ್‌ನದು ಭಾರ ಹೊರುತ್ತದೆ, ಆದರೆ ಕಾಲಿಗೆ ಉಜ್ಜುತ್ತದೆ. ತೆಳು ಬಟ್ಟೆಯಾದ ಆರ್ಗಂಡಿಯದು ಮೃದು, ಆದರೆ ಕೆಲವು ತಿಂಗಳ ಬಳಕೆಗೆ ಸೋತು ಚಪ್ಪಟೆಯಾಗುತ್ತದೆ. ಬಲ್ಲವರು ಕೆಳಗೆ ಟ್ಯೂಲ್, ಮೇಲೆ ಆರ್ಗಂಡಿ ಹಾಕಿ, ಎಲ್ಲಕ್ಕೂ ಒಳಗೆ ಮೊಣಕಾಲವರೆಗಿನ ಹತ್ತಿಯ ಡ್ರಾಯರ್ಸ್ ತೊಡುತ್ತಾರೆ. ನೆರಿಗೆ ಸೊಂಟದಿಂದಲೇ ಶುರುವಾಗುವ ಪನಿಯೆ ಕೊಳ್ಳಬೇಡಿ. ಮೇಲಿನ ಒಂದು ಗೇಣು ಸಪಾಟಾಗಿದ್ದು ಅಲ್ಲಿಂದ ಕೆಳಗೆ ಹಿಗ್ಗುವಂಥದ್ದಾದರೆ ಸೊಂಟ ದಪ್ಪ ಕಾಣದು.

ಅಳತೆಯ ವಿಷಯದಲ್ಲಿ ನಮ್ಮವರು ಮೋಸಹೋಗುವುದು ಹೆಚ್ಚು. ಎಲಾಸ್ಟಿಕ್ ಇಲ್ಲದ ಉಡುಗೆಯಲ್ಲಿ ಎದೆ 88, ಸೊಂಟ 68 ಸೆಂಟಿಮೀಟರಿನ ಸುತ್ತಮುತ್ತ ಇರುತ್ತದೆ. ನಮ್ಮ ಲೆಕ್ಕದಲ್ಲಿ ಎದೆ 34ರಿಂದ 35, ಸೊಂಟ 27 ಇಂಚು. ಜಂಪರ್ ಸ್ಕರ್ಟ್ ಆದರೆ ಒಳಗಿನ ಬ್ಲೌಸಿಗೆ ಇನ್ನೂ ಮೂರು ಸೆಂಟಿಮೀಟರ್ ಕಳೆಯಿರಿ. ಬೆನ್ನಿನಲ್ಲಿ ಶರ್ರಿಂಗ್ ಎಂಬ ಎಲಾಸ್ಟಿಕ್ ನೆರಿಗೆಯ ಪಟ್ಟಿ ಇದ್ದರೆ ಹತ್ತು-ಹದಿನೈದು ಸೆಂಟಿಮೀಟರ್ ಹಿಗ್ಗುತ್ತದೆ, ಕೆಲವು ಉಡುಗೆಗಳಲ್ಲಿ ಅದಕ್ಕೂ ಹೆಚ್ಚು. ಆದರೆ ಹಿಗ್ಗುವುದು ಬೆನ್ನು ಮಾತ್ರ. ಎದೆಯ ಮುಂಭಾಗದ ಹೊಲಿಗೆ ಹಿಗ್ಗುವುದಿಲ್ಲ. ಕೊನೆಯ ಮಿತಿಯವರೆಗೆ ಎಳೆದು ತೊಟ್ಟರೆ ಮುಂಭಾಗ ಮೇಲಕ್ಕೆ ಜಾರಿ, ಸೊಂಟದ ಹೊಲಿಗೆ ಪಕ್ಕೆಲುಬಿನ ಮೇಲೆ ಬಂದು ಕೂರುತ್ತದೆ. ಎತ್ತರದವರಿಗೆ ಈ ತೊಂದರೆ ಇನ್ನೂ ಹೆಚ್ಚು. ಹಾಗಾಗಿ ಪಟ್ಟಿಯಲ್ಲಿ ಬರೆದ ಗರಿಷ್ಠ ಅಳತೆಗಿಂತ ನಾಲ್ಕು ಸೆಂಟಿಮೀಟರ್ ಕಡಿಮೆಯೇ ನಿಮ್ಮ ನಿಜವಾದ ಮಿತಿ ಎಂದುಕೊಳ್ಳಿ. ಶೂ ಅಳತೆ ಸೆಂಟಿಮೀಟರಿನಲ್ಲೇ ಇರುತ್ತದೆ. ಬ್ರ್ಯಾಂಡುಗಳಲ್ಲಿ ಎಂ ಎಂದರೆ 23ರಿಂದ 23.5, ಎಲ್ ಎಂದರೆ 24ರಿಂದ 24.5. 25 ದಾಟಿದ ಪಾದಕ್ಕೆ ಹುಡುಕಾಟ ಕಷ್ಟ.

ಹೊಸದನ್ನು ಕೊಳ್ಳುವುದಕ್ಕಿಂತ ಸೆಕೆಂಡ್ ಹ್ಯಾಂಡ್ ಅಂಗಡಿಗೆ ಹೋಗುವುದೇ ಜಾಣತನ ಎನ್ನುವುದು ನಮ್ಮ ಖಚಿತ ಅಭಿಪ್ರಾಯ. ದುಡ್ಡು ಉಳಿಯುತ್ತದೆ ಎನ್ನುವುದು ಒಂದು ಕಾರಣ ಮಾತ್ರ. ಬ್ರ್ಯಾಂಡುಗಳು ಒಂದು ಮುದ್ರಣವನ್ನು ಸೀಮಿತ ಸಂಖ್ಯೆಯಲ್ಲಿ, ಎಷ್ಟೋ ಸಲ ಮುಂಗಡ ಕಾಯ್ದಿರಿಸಿದವರಿಗಷ್ಟೇ ಹೊಲಿದುಕೊಡುತ್ತವೆ. ಹತ್ತು ವರ್ಷದ ಹಿಂದಿನ ಒಳ್ಳೆಯ ಮುದ್ರಣ ಸಿಗುವುದು ಹಳೆ ಬಟ್ಟೆಯಲ್ಲಿ ಮಾತ್ರ. ಟೋಕಿಯೊದಲ್ಲಿ ಇದಕ್ಕೆಂದೇ ಇರುವ ಹೆಸರಾಂತ ಅಂಗಡಿ ಕ್ಲಾಸೆಟ್ ಚೈಲ್ಡ್. ಟ್ಯಾಗಿನ ಮೇಲೆ ದೋಷಗಳನ್ನು ಬರೆದಿರುತ್ತಾರೆ: ಯೊಗೋರೆ ಎಂದರೆ ಕೊಳೆ, ಶಿಮಿ ಎಂದರೆ ಕಲೆ, ಹೊತ್ಸುರೆ ಎಂದರೆ ದಾರ ಬಿಟ್ಟದ್ದು. ಕೈಬರಹವಾದರೆ ಫೋನಿನ ಅನುವಾದ ಆ್ಯಪ್ ಕೈಕೊಡುವುದುಂಟು, ಈ ಮೂರು ಪದ ಬಾಯಲ್ಲಿರಲಿ. ಕಂಕುಳ ಒಳಭಾಗವನ್ನೂ, ಕೊರಳಂಚಿನ ಮೇಕಪ್ ಕಲೆಯನ್ನೂ ಬೆಳಕಿಗೆ ಹಿಡಿದು ನೋಡಿ. ಶರ್ರಿಂಗನ್ನು ಎಳೆದು ಬಿಡಿ. ಕೂಡಲೇ ಕೂಡಿಕೊಳ್ಳದಿದ್ದರೆ ಎಲಾಸ್ಟಿಕ್ ಸತ್ತಿದೆ, ಬದಲಿಸಬೇಕೆಂದರೆ ಆ ಪಟ್ಟಿಯನ್ನೇ ಬಿಚ್ಚಬೇಕು. ಕಳಚುವ ಬೋ, ಸೊಂಟದ ಎರಡು ಕಟ್ಟುಪಟ್ಟಿ ಇವೆಯೇ ಎಂದು ಎಣಿಸಿ. ಕಾಣೆಯಾಗುವುದು ಹೆಚ್ಚಾಗಿ ಇವೇ, ಅದೇ ಬಟ್ಟೆಯಲ್ಲಿ ಮತ್ತೆ ಸಿಗುವುದೂ ಇಲ್ಲ. ಜಿಪ್ ಇರುವ ಪಕ್ಕದ ಹೊಲಿಗೆಯಲ್ಲಿ ದಾರ ಬಿಗಿದು ಸೂಜಿತೂತುಗಳು ಬಾಯಿಬಿಟ್ಟಿದ್ದರೆ ಹಿಂದಿನವರು ಅಳತೆ ಮೀರಿ ತೊಟ್ಟಿದ್ದರು ಎಂದರ್ಥ.

ತೊಟ್ಟು ನೋಡಲು ‘ಶಿಚಾಕು ದೆಕಿಮಾಸು ಕಾ?’ ಎಂದು ಕೇಳಿ. ಒಪ್ಪಿದರೆ ಶೂ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಮುಖಕ್ಕೆ ಹಾಕಿಕೊಳ್ಳಲು ತೆಳುವಾದ ಚೀಲ ಇಟ್ಟಿರುತ್ತಾರೆ. ಮೇಕಪ್ ಬಟ್ಟೆಗೆ ತಾಗದಿರಲಿ ಎಂದು, ಬಿಸಾಡಿ ಮುಂದೆ ಹೋಗಬೇಡಿ. ಅಂಗಡಿಯೊಳಗೆ ಫೋಟೊ ತೆಗೆಯುವುದನ್ನು ಹೆಚ್ಚಿನ ಕಡೆ ಒಪ್ಪುವುದಿಲ್ಲ. ಕೊಂಡಮೇಲೆ ಮನಸ್ಸು ಬದಲಾಯಿತೆಂದು ವಾಪಸ್ ಕೊಡುವ ರೂಢಿಯೂ ಇಲ್ಲ. ಬೆಲೆಯಲ್ಲಿ 10 ಶೇಕಡಾ ಬಳಕೆ ತೆರಿಗೆ ಸೇರಿರುತ್ತದೆ. ಟ್ಯಾಕ್ಸ್-ಫ್ರೀ ಪರವಾನಗಿ ಇರುವ ಅಂಗಡಿಯಲ್ಲಿ ಒಂದೇ ದಿನ ತೆರಿಗೆ ಬಿಟ್ಟು 5,000 ಯೆನ್ ಮೇಲ್ಪಟ್ಟು ಕೊಂಡರೆ ವಿದೇಶಿ ಪ್ರವಾಸಿಗೆ ಅದು ಮಾಫಿ, ಅಸಲಿ ಪಾಸ್‌ಪೋರ್ಟ್ ಬೇಕು. 2026ರ ನವೆಂಬರ್ 1ರಿಂದ ಪದ್ಧತಿ ಬದಲು: ಅಂಗಡಿಯಲ್ಲಿ ತೆರಿಗೆ ಸೇರಿಸಿಯೇ ಕೊಟ್ಟು, ದೇಶ ಬಿಡುವಾಗ ವಸ್ತು ದೃಢಪಟ್ಟ ನಂತರ ಮರುಪಾವತಿ. ನರಿಟಾದಿಂದ ಬೆಂಗಳೂರಿಗೆ ನೇರ ವಿಮಾನ ಹಿಡಿಯುವವರು ಆ ಹೊತ್ತನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬಟ್ಟೆ ಚೆಕ್-ಇನ್ ಚೀಲಕ್ಕೆ ಹೋಗುವ ಮೊದಲೇ ಈ ಕೆಲಸ ಮುಗಿಸಿಕೊಳ್ಳುವುದು ಕ್ಷೇಮ.

ಉಳಿದ ಶೈಲಿಗಳ ಬಗ್ಗೆ ಒಂದೆರಡು ಮಾತು ಸಾಕು. ತಲೆತುಂಬ ಕ್ಲಿಪ್ಪು ಸಿಕ್ಕಿಸುವ ದೆಕೋರಾ ಶೈಲಿಗೆ ದುಡ್ಡು ಬೇಡ, ತಾಳ್ಮೆ ಬೇಕು. ನೂರು ಯೆನ್ ಅಂಗಡಿಯ ಕ್ಲಿಪ್ಪುಗಳನ್ನು ಮುಂಗೂದಲಿನಿಂದ ಹಿಂದಕ್ಕೆ ಸಾಲುಸಾಲಾಗಿ ಸಿಕ್ಕಿಸುತ್ತ ಹೋಗುವುದು. ಮಣಿಸರಗಳ ಭಾರಕ್ಕೆ ಕತ್ತು ನೋಯುವುದರಿಂದ ಅವನ್ನು ಭುಜದ ಹೊಲಿಗೆಗೆ ಸೇಫ್ಟಿ ಪಿನ್ನಿನಿಂದ ಹಿಡಿಸುವುದು ಒಳ್ಳೆಯದು. ಹರಾಜುಕುವಿನ ‘6%ಡೊಕಿಡೊಕಿ’ 1995ರಲ್ಲಿ ಶುರುವಾದದ್ದು, ಈ ಬಣ್ಣಗಳ ಹುಚ್ಚಿಗೆ ಅದರದೊಂದು ದೊಡ್ಡ ಪಾಲು. ಗ್ಯಾರು ಶೈಲಿ ಮೊದಲಿನಿಂದಲೂ ರಾತ್ರಿಯ ಕುಣಿತಕ್ಕೆ ಅಂಟಿಕೊಂಡಿತ್ತು. ಯೂರೋಬೀಟ್ ಹಾಡಿಗೆ ಸಾಲಾಗಿ ನಿಂತು ಕೈಗಳಲ್ಲೇ ಆಡುವ ಪಾರಾಪಾರಾ ಅದರದೇ ನೃತ್ಯ. ತೀರಾ ದಪ್ಪ ಅಟ್ಟೆಯ ಬೂಟು ತೊಟ್ಟವರಿಗೆ ಕಾಲು ಕುಣಿಸುವುದು ಅಷ್ಟು ಸಲೀಸೂ ಅಲ್ಲ ಎನ್ನಿ!

ಇನ್ನು ರಾತ್ರಿ. ರಾತ್ರಿಯ ಮನರಂಜನೆಯ ಜಾಗಗಳನ್ನು ನಿಯಂತ್ರಿಸುವ ಜಪಾನಿನ ಫೂಯೆಯಿ ಕಾನೂನು 1948ರದ್ದು. ಗಿರಾಕಿಗಳನ್ನು ಕುಣಿಸುವ ಜಾಗಕ್ಕೆ ವಿಶೇಷ ಪರವಾನಗಿ ಬೇಕಿತ್ತು. ಆ ಪರವಾನಗಿ ಇದ್ದರೂ ಮಧ್ಯರಾತ್ರಿಗೆ, ಕೆಲವು ಪ್ರದೇಶಗಳಲ್ಲಿ 1 ಗಂಟೆಗೆ ಮುಚ್ಚಬೇಕಿತ್ತು. ದಶಕಗಳ ಕಾಲ ಪೊಲೀಸರು ಕಂಡೂ ಕಾಣದಂತೆ ಇದ್ದರು. 2010ರಲ್ಲಿ ಒಸಾಕಾದ ಅಮೆರಿಕಾಮುರಾದಲ್ಲಿ ಜಗಳವೊಂದರಲ್ಲಿ ವಿದ್ಯಾರ್ಥಿ ಸತ್ತ ಮೇಲೆ ದಾಳಿಗಳು ಬಿರುಸಾದವು. ‘ಇಲ್ಲಿ ಕುಣಿಯಬಾರದು’ ಎಂಬ ಬೋರ್ಡು ಕ್ಲಬ್ಬುಗಳ ಗೋಡೆಯಲ್ಲೇ ಕಾಣಿಸಿಕೊಂಡಿತು. 2012ರಲ್ಲಿ ದಾಳಿಗೊಳಗಾದ ಒಸಾಕಾದ ನೂನ್ ಕ್ಲಬ್ಬಿನ ಪ್ರಕರಣ ನ್ಯಾಯಾಲಯದಲ್ಲಿ ಖುಲಾಸೆಯಾಯಿತು. 2015ರಲ್ಲಿ ಕಾನೂನು ತಿದ್ದಿದರು, 2016ರ ಜೂನ್ 23ರಿಂದ ಅದು ಜಾರಿಗೆ ಬಂತು. ಈಗ ಒಳಗಿನ ಬೆಳಕು 10 ಲಕ್ಸ್ ದಾಟಿದ್ದು, ಗಿರಾಕಿಗಳ ಕೊಠಡಿ ಕನಿಷ್ಠ 33 ಚದರ ಮೀಟರ್ ಇದ್ದು, ಅನುಮತಿಸಿದ ಬಡಾವಣೆಯಲ್ಲಿದ್ದರೆ ಬೆಳಗಿನವರೆಗೂ ಕುಣಿತ, ಕುಡಿತ ಎರಡೂ ನಡೆಸಬಹುದು. 33 ಚದರ ಮೀಟರ್ ಎಂಬ ಆ ಒಂದು ಸಂಖ್ಯೆಯೇ ಪರ್ಯಾಯ ಫ್ಯಾಷನ್ನಿನ ರಾತ್ರಿಗಳನ್ನು ಎರಡಾಗಿ ಒಡೆದಿದೆ. ಒಂದು ಕಡೆ ದೊಡ್ಡ ಸಭಾಂಗಣ ಬಾಡಿಗೆಗೆ ಹಿಡಿದು ತಿಂಗಳಿಗೊಮ್ಮೆ ನಡೆಸುವ ಕೂಟಗಳು. ಉಗುಇಸುದಾನಿಯ ಟೋಕಿಯೊ ಕಿನೆಮಾ ಕ್ಲಬ್ಬಿನಲ್ಲಿ ತಿಂಗಳ ಮೊದಲ ಶನಿವಾರ ನಡೆಯುವ ‘ಡಿಪಾರ್ಟ್‌ಮೆಂಟ್ ಎಚ್’ ಅಂಥದ್ದು. ಅದು ಫೆಟಿಷ್ ಕೂಟ, ವಯಸ್ಕರಿಗೆ ಮಾತ್ರ ಎನ್ನುವುದು ಗೊತ್ತಿದ್ದು ಹೋಗಿ. ಇನ್ನೊಂದು ಕಡೆ ಹತ್ತು ಜನ ಕೂರುವ ಬಾರುಗಳು, ಅಲ್ಲಿ ಹಾಡು ಇದೆ, ಕುಣಿತ ಇಲ್ಲ.

ವೇಷ ತೊಟ್ಟು ಬಂದವರಿಗೆ ಟಿಕೆಟ್ಟಿನಲ್ಲಿ ರಿಯಾಯಿತಿ ಕೊಡುವ ಕೂಟಗಳಿವೆ, ಪೋಸ್ಟರಿನ ಸಣ್ಣಕ್ಷರ ಓದಿ. ಕ್ಲಬ್ ಪ್ರವೇಶ 2,000ದಿಂದ 4,000 ಯೆನ್, ಹಲವು ಕಡೆ ಒಂದು ಡ್ರಿಂಕ್ ಸೇರಿ. ವಯಸ್ಸು 20 ತುಂಬಿರಬೇಕು. 2022ರ ಏಪ್ರಿಲ್‌ನಲ್ಲಿ ಪ್ರಾಪ್ತವಯಸ್ಸು 18ಕ್ಕೆ ಇಳಿದರೂ ಮದ್ಯಕ್ಕೆ 20 ಹಾಗೆಯೇ ಉಳಿದಿದೆ. ಬಾಗಿಲಲ್ಲಿ ಪಾಸ್‌ಪೋರ್ಟಿನ ಫೋಟೊ ತೋರಿಸಿದರೆ ವಾಪಸ್ ಕಳಿಸುತ್ತಾರೆ. ವಿಷುವಲ್ ಕೇ ಬ್ಯಾಂಡುಗಳು ನುಡಿಸುವ ಲೈವ್ ಹೌಸ್ ಎಂಬ ಪುಟ್ಟ ಸಂಗೀತ ಸಭಾಂಗಣದಲ್ಲಿ ಟಿಕೆಟ್ ಮೇಲೆ ಇನ್ನೂ 600 ಯೆನ್‌ನಷ್ಟು ಡ್ರಿಂಕ್ ಶುಲ್ಕ ಕಡ್ಡಾಯ, ನೀವು ನೀರನ್ನೇ ತೆಗೆದುಕೊಂಡರೂ ಸರಿ. ಆ ಜಾಗಗಳು ಉಪಾಹಾರಗೃಹದ ಪರವಾನಗಿಯಲ್ಲಿ ನಡೆಯುವುದರಿಂದ ಏನಾದರೂ ಕುಡಿಯಲು ಮಾರಲೇಬೇಕು. ಒಳಗೆ ಬಿಡುವುದು ಟಿಕೆಟ್ಟಿನ ಕ್ರಮಸಂಖ್ಯೆ ಕೂಗಿ, ನಿಮ್ಮ ಸಂಖ್ಯೆ ದಾಟಿಹೋದರೆ ಮುಂದಿನ ಸಾಲಿನ ಆಸೆ ಬಿಡಿ. ಬಾನೆಟ್ ಟೋಪಿ, ಎತ್ತರದ ತಲೆಯಲಂಕಾರ ತೆಗೆದು ನಿಲ್ಲಬೇಕು. ಒಂದು ಬ್ಯಾಂಡ್ ಮುಗಿದಾಗ ಅದರ ಅಭಿಮಾನಿಗಳು ಮುಂದಿನ ಸಾಲನ್ನು ಮುಂದಿನ ಬ್ಯಾಂಡಿನವರಿಗೆ ಬಿಟ್ಟುಕೊಡುತ್ತಾರೆ.

ಎಲ್ಲಕ್ಕೂ ಮೇಲೆ ರೈಲು. ಕೊನೆಯ ರೈಲು ಮಧ್ಯರಾತ್ರಿ ಕಳೆದು ಅರ್ಧ ಗಂಟೆಯ ಆಸುಪಾಸಿನಲ್ಲಿ ಹೋಗಿಬಿಡುತ್ತದೆ, ಮೊದಲನೆಯದು ಬರುವುದು ಬೆಳಗಿನ ನಾಲ್ಕೂವರೆ-ಐದಕ್ಕೆ. ಕ್ಲಬ್ಬು ಬಿಸಿಯಾಗುವುದೇ 1 ಗಂಟೆಗೆ. ಹಾಗಾಗಿ ರಾತ್ರಿ 11ರ ಹೊತ್ತಿಗೆ ಒಂದೇ ತೀರ್ಮಾನ: ಈಗಲೇ ಮನೆಗೆ, ಇಲ್ಲವಾದರೆ ಬೆಳಗಿನವರೆಗೆ. ನಡುವಿನ ದಾರಿ ಟ್ಯಾಕ್ಸಿ. ರಾತ್ರಿ 10ರಿಂದ ಬೆಳಗ್ಗೆ 5ರವರೆಗೆ ಅದಕ್ಕೆ 20 ಶೇಕಡಾ ಹೆಚ್ಚುವರಿ. ಹಗಲಲ್ಲಿ ಕೊಂಡ ಚೀಲವನ್ನು ನಿಲ್ದಾಣದ ಲಾಕರಿನಲ್ಲಿಟ್ಟರೆ ನಿಲ್ದಾಣ ಮುಚ್ಚಿರುವಾಗ ತೆಗೆಯಲಾಗದು, ತಾರೀಖು ಬದಲಾದರೆ ಇನ್ನೊಂದು ದಿನದ ಬಾಡಿಗೆಯೂ ಬೀಳಬಹುದು. ಪನಿಯೆ ಸಣ್ಣ ಲಾಕರಿನಲ್ಲಿ ಹಿಡಿಸುವುದೂ ಕಷ್ಟ. ತಿರುಚಿ ಎಂಟರ ಆಕಾರಕ್ಕೆ ಮಡಿಸಿ ದಾರ ಕಟ್ಟಿದರೆ ಹಿಡಿಸುತ್ತದೆ. ಬಟ್ಟೆ ಬದಲಿಸಲು ನಿಲ್ದಾಣದ ಶೌಚಾಲಯದಲ್ಲಿ ಹೊತ್ತುಗಟ್ಟಲೆ ನಿಲ್ಲುವುದು ಅಸಭ್ಯ, ಕೆರಾಒಕೆ ಕೋಣೆಯಲ್ಲಿ ಕ್ಯಾಮೆರಾ ಇರುವುದುಂಟು. ಉಳಿದದ್ದು ನೆಟ್ ಕೆಫೆಯ ಬೂತ್, ಅಲ್ಲಿಗೂ ಗುರುತಿನ ಚೀಟಿ ಬೇಕು.

ಬೀದಿಯಲ್ಲಿ ಕುಡಿಯುತ್ತ ಕಾಲ ಕಳೆಯೋಣ ಎಂದರೆ ಶಿಬುಯಾ ನಿಲ್ದಾಣದ ಸುತ್ತ 2024ರ ಅಕ್ಟೋಬರ್ 1ರಿಂದ ಸಂಜೆ 6ರಿಂದ ಬೆಳಗ್ಗೆ 5ರವರೆಗೆ ವರ್ಷವಿಡೀ ನಿಷೇಧ. ಶಿಂಜುಕುವಿನ ಗೋಲ್ಡನ್ ಗಾಯಿಯ ಓಣಿಗಳಲ್ಲಿ ಇನ್ನೂರಕ್ಕೂ ಹೆಚ್ಚು ಪುಟ್ಟ ಬಾರುಗಳಿವೆ. ಏಣಿಯಂಥ ಮೆಟ್ಟಿಲು, ಐದಾರು ಸ್ಟೂಲು, ಅಲ್ಲಿಗೆ ಪನಿಯೆ ತೊಟ್ಟು ಹೋದರೆ ಮೂರು ಜನರ ಜಾಗ ನುಂಗಿದ ಹಾಗೆ. ಕೂರುವುದಕ್ಕೇ ಶುಲ್ಕವಿದೆಯೇ ಎಂದು ಬಾಗಿಲ ಬೋರ್ಡಿನಲ್ಲಿ ನೋಡಿ. ಇಝಕಾಯಾ ಎಂಬ ಕುಡಿತ-ತಿಂಡಿಯ ಅಂಗಡಿಯಲ್ಲಿ ಕೇಳದೆಯೇ ತಂದಿಡುವ ಓತೋಶಿ ಎಂಬ ಪುಟ್ಟ ಬಟ್ಟಲಿಗೂ 300ರಿಂದ 500 ಯೆನ್ ಬಿಲ್ಲಾಗುತ್ತದೆ. ಸಸ್ಯಾಹಾರಿಗಳು ಎಚ್ಚರ: ತರಕಾರಿಯಂತೆ ಕಂಡರೂ ಅದನ್ನು ಬೇಯಿಸಿದ್ದು ಮೀನಿನ ಸಾರಿನಲ್ಲಿ ಇರಬಹುದು. ಶಿಂಜುಕುವಿನ ರಾತ್ರಿಬದುಕಿನ ಬಡಾವಣೆ ಕಬುಕಿಚೊದಲ್ಲಿ ಪಕ್ಕಕ್ಕೆ ಬಂದು ‘ಒಳ್ಳೆ ಜಾಗ ಇದೆ, 3,000 ಯೆನ್’ ಎನ್ನುವವರ ಹಿಂದೆ ಯಾವ ಕಾರಣಕ್ಕೂ ಹೋಗಬೇಡಿ. ಹಾಗೆ ಕರೆಯುವುದೇ ಅಲ್ಲಿ ಕಾನೂನುಬಾಹಿರ, ಬಿಲ್ಲು ಬರುವುದು ಹತ್ತಾರು ಪಟ್ಟು.

ಬೆಳಗ್ಗೆ ಕೋಣೆಗೆ ಬಂದ ಮೇಲೆ ಉಡುಗೆಯನ್ನು ಹಾಗೆಯೇ ಕಪಾಟಿಗೆ ಸೇರಿಸಬೇಡಿ. ಒಳಗು ಹೊರಗು ಮಾಡಿ ಗಾಳಿಗೆ ಒಂದು ದಿನ ತೂಗುಹಾಕಿ. ಪನಿಯೆಯನ್ನು ತಲೆಕೆಳಗಾಗಿ ನೇತುಹಾಕಿದರೆ ಸೋತ ಪದರಗಳು ಎದ್ದು ನಿಲ್ಲುತ್ತವೆ. ಒಗೆಯುವುದಾದರೆ ಮೊದಲು ಒದ್ದೆ ಬಿಳಿ ಬಟ್ಟೆಯನ್ನು ಒಳ ಹೊಲಿಗೆಯ ಮೇಲೆ ಒತ್ತಿ ನೋಡಿ. ಕೆಂಪು ಅಥವಾ ಕಪ್ಪು ಬಟ್ಟೆಗೆ ಬಿಳಿ ಲೇಸು ಹೊಲಿದ ಉಡುಗೆಯಲ್ಲಿ ಬಣ್ಣ ಇಳಿದು ಲೇಸು ಗುಲಾಬಿಯೋ ಬೂದಿಯೋ ಆಗುವುದು ಸಾಮಾನ್ಯ. ಬಣ್ಣ ಅಂಟಿದರೆ ನೀರು ಮುಟ್ಟಿಸದೆ ಡ್ರೈಕ್ಲೀನಿಗೆ ಕೊಡಿ. ಅಂಟದಿದ್ದರೆ ತಣ್ಣೀರಿನಲ್ಲಿ ಕೈಯಲ್ಲೇ ಬೇಗ ಜಾಲಿಸಿ, ಹಿಂಡದೆ ಟವೆಲಿನಲ್ಲಿ ಸುತ್ತಿ ನೀರು ತೆಗೆದು, ಲೇಸು ಬಣ್ಣದ ಬಟ್ಟೆಯ ಮೇಲೆ ಒರಗದಂತೆ ನೆರಳಿನಲ್ಲಿ ಹರವಿ.